ನಿಂಬೆರಸದ ಸಹಿ

ಹಾಸ್ಟೆಲ್ಲಿನ ಐದು ಹುಡುಗಿಯರ ಗುಟ್ಟಿನ ಸಂಘಕ್ಕೆ ಇದ್ದದ್ದು ಒಂದೇ ನಿಯಮ: ಸಹಿ ನಿಂಬೆರಸದಲ್ಲೇ ಆಗಬೇಕು. ಒಣಗಿದ ಮೇಲೆ ಅದು ಯಾರಿಗೂ ಕಾಣದು. ಇಸ್ತ್ರಿ ಪೆಟ್ಟಿಗೆ ಒತ್ತಿದರೆ ಕಂದು ಬಣ್ಣದಲ್ಲಿ ಎದ್ದು ಬರುತ್ತದೆ.

ವಾರ್ಡನ್ ಹಾಲಿಗೆ ನೀರು ಬೆರೆಸುತ್ತಾರೆಂಬ ದೂರನ್ನು ಬರೆದವಳು ಭಾಗೀರಥಿ. ಮೊದಲ ಸಹಿಯೂ ಅವಳದೇ. ರಸ ಮುಗಿಯಿತೆಂದು ಶಾಲ್ಮಲಾ ಹೋಗಿ ಬಾಟಲಿಯ ಮುಚ್ಚಳ ತುಂಬಿಸಿಕೊಂಡು ಬಂದಳು. ಉಳಿದ ನಾಲ್ವರೂ ಅದರಲ್ಲಿ ಕಡ್ಡಿ ಅದ್ದಿ ಸಹಿ ಮಾಡಿದರು.

"ಸಿಕ್ಕಿಬಿದ್ರೆ ಇಸ್ತ್ರಿ ಮಾಡಿ ತೋರಿಸೇ. ಐದೂ ಜನಕ್ಕೆ ಟಿಸಿ ಕೊಡೋಕೆ ಅವರಪ್ಪನಾಣೆ ಆಗಲ್ಲ," ಎಂದಿದ್ದಳು ಶಾಲ್ಮಲಾ.

ಮೂರನೇ ದಿನ ಪತ್ರ ವಾರ್ಡನ್ ಕೈಯಲ್ಲಿತ್ತು. ಹತ್ತನೇ ತರಗತಿಯ ಪರೀಕ್ಷೆಗೆ ಒಂದೇ ತಿಂಗಳಿತ್ತು.

"ಅಕ್ಷರ ಭಾಗೀರಥಿಯದು, ಇವಳೊಬ್ಬಳದೇ ಕಿತಾಪತಿ. ಟಿಸಿ ಕೊಟ್ಟು ಕಳಿಸಿ, ಮೇಡಂ," ಎಂದರು ವಾರ್ಡನ್, ಮುಖ್ಯೋಪಾಧ್ಯಾಯಿನಿಗೆ.

"ಒಬ್ಬಳಲ್ಲ ಮೇಡಂ, ಐದು ಜನ ಇದ್ದೀವಿ," ಎಂದಳು ಭಾಗೀರಥಿ.

ಬಾಗಿಲಲ್ಲಿ ನಿಂತಿದ್ದ ನಾಲ್ವರೂ ತಲೆ ತಗ್ಗಿಸಿದರು. "ನಮಗೇನೂ ಗೊತ್ತಿಲ್ಲ ಮೇಡಂ," ಎಂದಳು ಶಾಲ್ಮಲಾ.

ಪಾಪ, ಹೆದರಿದ್ದಾಳೆ ಎಂದುಕೊಂಡಳು ಭಾಗೀರಥಿ. ಸಾಕ್ಷಿ ಕಾಗದದಲ್ಲೇ ಇತ್ತಲ್ಲ. ಇಸ್ತ್ರಿ ಪೆಟ್ಟಿಗೆ ತರಿಸಿಕೊಂಡು ಎಲ್ಲರೆದುರು ನಿಧಾನವಾಗಿ ಎಳೆದಳು. ಅವಳ ಹೆಸರು ಕಂದು ಬಣ್ಣದಲ್ಲಿ ಮೂಡಿತು. ಅದರ ಕೆಳಗೆ ಬರೀ ಬಿಳಿ. ಇನ್ನೊಮ್ಮೆ ಒತ್ತಿದಳು. ಆಗಲೂ ಬಿಳಿಯೇ.

ವಾರ್ಡನ್ ಅವಳ ಕಿವಿಯ ಬಳಿ ಬಗ್ಗಿದರು.

"ಹಾಲಿಗೆ ನೀರು ಹಾಕಿದ್ದು ನಾನು ಅಂತ ಬರೆದೆಯಲ್ಲಮ್ಮ, ಮುಚ್ಚಳಕ್ಕೆ ನೀರು ಹಾಕಿದ್ದು ಯಾರು ಅಂತ ನಿನ್ನ ಶಾಲ್ಮಲಾನ ಕೇಳು."