ಥ್ರಿವನ್ ಎಂಬ ಪದಕ್ಕೊಂದು ಸಾಕ್ಷಿ

ಬಹಳ ಹಿಂದೆ ಇಂಗ್ಲೆಂಡಿನಲ್ಲಿ, ನಿಘಂಟಿಗಾಗಿ ಭಾಷೆಯ ಪದಗಳನ್ನೆಲ್ಲ ಒಂದೂ ಬಿಡದೆ ಚೀಟಿಗಳಲ್ಲಿ ಹಿಡಿದಿಡಲು ಹೊರಟವರ ಮನೆಯೊಂದಿತ್ತು. ಊರೂರಿನ ಓದುಗರು ಪುಸ್ತಕ ಓದಿ, ಪದವಿರುವ ಸಾಲನ್ನು ಚೀಟಿಗಿಳಿಸಿ ಅಂಚೆಯಲ್ಲಿ ಕಳಿಸುತ್ತಿದ್ದರು. ಆದರೆ ಎಲ್ಲರೂ ಅಪರೂಪದ ಪದಗಳ ಬೆನ್ನು ಹತ್ತಿ, ದಿನವೂ ಬಾಯಲ್ಲಿರುವುದನ್ನು ಬಿಟ್ಟುಬಿಟ್ಟಿದ್ದರು. ‘ಥ್ರೈವ್’, ಅಂದರೆ ಏಳಿಗೆಯಾಗು, ಮೈತುಂಬಿ ಬೆಳೆ ಎಂಬುದಕ್ಕೆ ಚೀಟಿಗಳಿದ್ದವು. ಬೆಳೆಯಿತು ಎನ್ನುವ ‘ಥ್ರೋವ್’ಗೂ ಇದ್ದವು. ಬೆಳೆದು ನಿಂತಿದೆ ಎನ್ನುವ ‘ಥ್ರಿವನ್’ಗೆ ಮಾತ್ರ ಇನ್ನೂರು ವರ್ಷಗಳಿಂದೀಚೆಗೆ ಒಂದೂ ಇರಲಿಲ್ಲ.

“ಮಂಗಳವಾರ ಪುಟ ಅಚ್ಚಿಗೆ ಹೋಗುತ್ತೆ. ಇದಕ್ಕೆ ಶಿಲುಬೆ ಹಾಕಿಬಿಡ್ತೀನಿ,” ಎಂದರು ಸಂಪಾದಕರು. ಸತ್ತ ಪದದ ಪಕ್ಕದಲ್ಲಿ ಅವರು ಹಾಕುತ್ತಿದ್ದ ಗುರುತು ಅದು.

“ಸತ್ತಿಲ್ಲ ಸರ್. ನಮ್ಮಜ್ಜಿ ದಿನಾ ಹೇಳ್ತಿದ್ರು,” ಎಂದಳು ಚೀಟಿ ಜೋಡಿಸುವ ವಿನಿಫ್ರೆಡ್.

“ಬಾಯಿಮಾತು ನಡೆಯಲ್ಲಮ್ಮ. ಬರಹ ಬೇಕು.”

“ತರ್ತೀನಿ,” ಎಂದು ಮಾತು ಕೊಟ್ಟು ಅವಳು ಯಾರ್ಕ್‌ಶೈರ್‌ನ ಅಜ್ಜಿಯೂರಿಗೆ ರೈಲು ಹತ್ತಿದಳು.

ಮೂರು ದಿನ ಚರ್ಚಿನ ಪೆಟ್ಟಿಗೆ, ಹಳೆಯ ಕಾಗದ, ಎಲ್ಲ ತಡಕಿದ್ದಾಯಿತು, ಏನೂ ಸಿಗಲಿಲ್ಲ. ಭಾನುವಾರ ಸೋತು ಅಜ್ಜಿಯ ಗೆಳತಿ ಕೆಜಿಯಾಳ ಒಲೆಯ ಮುಂದೆ ಕುಳಿತಳು. ಪಕ್ಕದಲ್ಲೊಂದು ಕುರಿಮರಿ ಮುದುಕಿಯ ಕೈಯ ಬಾಟಲಿಯಿಂದ ಹಾಲು ಚೀಪುತ್ತಿತ್ತು.

“ಮೊನ್ನೆ ಸಾಯೋ ಹಂಗಿತ್ತು. ಈಗ ನೋಡು, ಥ್ರಿವನ್,” ಎಂದಳು ಮುದುಕಿ.

ವಿನಿಫ್ರೆಡ್‌ಗೆ ನಗುವೂ ಅಳುವೂ ಒಟ್ಟಿಗೇ ಬಂದವು. “ಕಡಲು ದಾಟಿ ಬಂದ ಉತ್ತರದವರ ಪದ ಅಜ್ಜಿ ಅದು. ಮೊದಲು ಅದರ ಅರ್ಥ ಗಟ್ಟಿಯಾಗಿ ಹಿಡ್ಕೊಳ್ಳೋದು ಅಂತ.”

“ಅಲ್ವೇ ಮತ್ತೆ. ಹಿಡ್ಕೊಂಡಿದ್ದು ಬದುಕ್ತದೆ. ಇದನ್ನ ತಿಳ್ಕೊಳ್ಳಾಕೆ ರೈಲು ಬೇಕಾಯ್ತೇನವ್ವ ನಿಂಗೆ?”

“ಬರೆದಿದ್ದು ಬೇಕು ಅಜ್ಜಿ. ನಿಮ್ಮನೇಲಿ ಯಾರಾದ್ರೂ ಏನಾದ್ರೂ ಬರೆದಿಟ್ಟಿದ್ರಾ?”

“ನಂಗೆ ಓದು ಬರ್ದು. ಅವ್ವ ಬೈಬಲ್ಲಿನ ಹಿಂದೆ ಏನೋ ಗೀಚ್ತಿದ್ಲು. ಸತ್ತ ನನ್ನ ಅಣ್ಣಂದಿರ ಲೆಕ್ಕ. ಅದನ್ನೇನು ಕೇಳೋದು ಅಂತ ಯಾರ ಕೈಲೂ ಓದಿಸ್ಲಿಲ್ಲ.”

ಬೈಬಲ್ ತೆಗೆದು ನೋಡಿದರೆ ಕೊನೆಯ ಹಾಳೆಯಲ್ಲಿ ನಾಲ್ಕು ಗಂಡುಮಕ್ಕಳ ಸಾವಿನ ಲೆಕ್ಕವಿತ್ತು. ಅದರ ಕೆಳಗೆ 1838ರ ಒಂದು ಸಾಲು. ವಿನಿಫ್ರೆಡ್ ಮೆಲ್ಲಗೆ ಓದಿದಳು: “ಕೆಜಿಯಾ. ಅಂಗೈಯಗಲ ಹುಟ್ಟಿತು. ಉಣ್ಣೆಯಲ್ಲಿಟ್ಟು ಸಾಕಿದೆ. ಇವತ್ತಿಗೆ ವರ್ಷವಾಯಿತು. ಕೂಸು ಥ್ರಿವನ್. ದೇವರೇ, ನಿನ್ನ ಋಣ ದೊಡ್ಡದು.”

ಎಪ್ಪತ್ತಮೂರು ವರ್ಷದ ಕೂಸು ಹಾಲಿನ ಬಾಟಲಿ ಕೆಳಗಿಟ್ಟು, “ಇನ್ನೊಂದ್ಸಲ ಓದು ಮಗಾ,” ಎಂದಿತು. ವಿನಿಫ್ರೆಡ್ ಮೂರು ಸಲ ಓದಿದಳು.

ಆಮೇಲೆ ಚೀಟಿ ತೆಗೆದು ಪದ, ಇಸವಿ, ಸಾಲು ಇಳಿಸಿದಳು. ಒಂದು ಜಾಗ ಉಳಿಯಿತು. “ನಿಮ್ಮವ್ವನ ಹೆಸರೇನು ಅಜ್ಜಿ?”

“ಊರೆಲ್ಲ ಕುರುಬ ಥ್ವೇಟನ ಹೆಂಡ್ತಿ ಅಂತಿತ್ತು.” ಕೆಜಿಯಾ ಬೈಬಲ್ಲಿನ ಹಾಳೆ ಸವರಿದಳು. “ಡಾರ್ಕಸ್. ಅಪ್ಪ ಒಬ್ನೇ ಹಂಗೆ ಕರೀತಿದ್ದ.”

ಮಿಕ್ಕ ಚೀಟಿಗಳಲ್ಲಿ ಮಹಾಕವಿಗಳ ಹೆಸರಿರುವ ಜಾಗದಲ್ಲಿ ವಿನಿಫ್ರೆಡ್ ‘ಡಾರ್ಕಸ್ ಥ್ವೇಟ್’ ಎಂದು ಬರೆದು, ಶಾಯಿ ಆರಲೆಂದು ಊದಿದಳು.