ಹಗ್ಗದ ತುದಿಯ ಹಾಳೆ

ಇವತ್ತು ಅವಳನ್ನು ಅಳಿಸದೆ ಬಿಡಬಾರದು, ಅದೂ ನಾಲ್ಕು ಜನರೆದುರು. ಕಾದಂಬರಿಕಾರ ಹಲ್ಲು ಕಚ್ಚಿಕೊಂಡೇ ಪುಸ್ತಕದಂಗಡಿಯ ಮಹಡಿ ಹತ್ತಿದ. ಬಗಲಲ್ಲಿ ಎರಡು ಪುಸ್ತಕ. ಒಂದು ಅವನ ಹೆಸರಾಂತ ಕಾದಂಬರಿ. ಇನ್ನೊಂದು ಅದನ್ನೇ ಇಟ್ಟುಕೊಂಡು ಒಬ್ಬ ಹುಡುಗಿ ಬರೆದ ಕಾಮಿಕ್ಸ್.

ಕಾದಂಬರಿಯಲ್ಲಿದ್ದದ್ದು ಅವನದೇ ಬದುಕು. ಅದನ್ನವನು ಎಂದೂ ಮುಚ್ಚಿಟ್ಟಿರಲಿಲ್ಲ. ಡ್ರಾಯಿಂಗ್ ಟೀಚರಾಗಿದ್ದ ಹೆಂಡತಿ, ಮಕ್ಕಳು ಬರೆದ ಚಿತ್ರಗಳನ್ನು ಒಣಹಾಕಲು ತಾರಸಿಗೆ ಹೋದವಳು, ಕಾಲು ಜಾರಿ ಬಿದ್ದು ಸತ್ತಳು. ಜೋರು ಮಳೆ ಸುರಿದು ನಿಂತ ಮೇಲಷ್ಟೇ ಅವಳು ನೆರೆಯವರ ಕಣ್ಣಿಗೆ ಬಿದ್ದದ್ದು. ಬೇರೆ ಊರಿನಲ್ಲಿದ್ದ ಗಂಡ ಮರುದಿನ ಬಂದು ತಾರಸಿ ಹತ್ತಿದರೆ, ಹಗ್ಗದ ಮೇಲೆ ಬರೀ ಬಿಳಿ ಹಾಳೆಗಳು. ಬಣ್ಣವನ್ನೆಲ್ಲ ಮಳೆ ತೊಳೆದುಬಿಟ್ಟಿತ್ತು.

ಆ ಬಿಳಿ ಹಾಳೆಗಳ ಪುಟ ಓದಿ ಅಳದವರಿಲ್ಲ. ಬಹುಮಾನ ಬಂದದ್ದೂ ಅದಕ್ಕೇ. ಎಲ್ಲಿ ಭಾಷಣಕ್ಕೆ ಕರೆದರೂ ಅವನು "ಅವತ್ತು ನಾನು ಊರಲ್ಲೇ ಇರಲಿಲ್ಲ" ಎಂದೇ ಶುರುಮಾಡುತ್ತಿದ್ದ. ಕರವಸ್ತ್ರ ಅಷ್ಟರಲ್ಲಾಗಲೇ ಕೈಗೆ ಬಂದಿರುತ್ತಿತ್ತು.

ಅಂಥ ಗಂಡನನ್ನು ಈ ಹುಡುಗಿ ಕೆಡಿಸಿಟ್ಟಿದ್ದಳು. ಒಂದು ಮಾತನ್ನೂ ಬದಲಾಯಿಸಿರಲಿಲ್ಲ. ಮಾತು ತುಂಬುವ ಬಲೂನುಗಳಲ್ಲೆಲ್ಲ ಅವನವೇ ವಾಕ್ಯಗಳು. ಆದರೆ 'ನನ್ನನ್ನು ಬಿಟ್ಟು ಹೋದೆಯಾ' ಎಂಬ ಬಲೂನಿನ ಕೆಳಗಿನ ಮುಖದಲ್ಲಿ ಕಣ್ಣುಗಳು ಒಣಗಿದ್ದವು. ಮೊನ್ನೆ ಕ್ಷೌರದಂಗಡಿಯವನು ಅವನ ಕತ್ತಿನ ಮೇಲೆ ಕತ್ತಿ ಇಟ್ಟುಕೊಂಡೇ ಕೇಳಿದ್ದ: "ಕಾಮಿಕ್ಸ್ ಓದ್ದೆ ಸರ್. ಆ ಗಂಡ ಸ್ವಲ್ಪ ಕಳ್ಳ ಅನ್ಸುತ್ತೆ, ಅಲ್ವಾ?"

ಕಾಮಿಕ್ಸ್ ಹಕ್ಕು ಬರೆದುಕೊಟ್ಟಾಗಿದೆ, ಮಾತೂ ಬದಲಾಗಿಲ್ಲ, ಕೇಸು ನಿಲ್ಲುವುದಿಲ್ಲ ಎಂದು ವಕೀಲ ಕೈಚೆಲ್ಲಿದ. ಆಗಲೇ ಪ್ರಕಾಶಕ ಫೋನು ಮಾಡಿದ್ದು. ಎರಡೂ ಪುಸ್ತಕಗಳ ಪಾತ್ರಗಳನ್ನು ಹೋಲಿಸಿ ಓದುಗರೆದುರು ಮಾತಾಡಬೇಕಂತೆ. ಹುಡುಗಿಯೇ ಹಟ ಹಿಡಿದಿದ್ದಾಳಂತೆ. ತಾನಾಗಿಯೇ ಬಂದು ಕತ್ತು ಕೊಡುವವಳನ್ನು ಕಂಡು ಅವನಿಗೆ ನಗು ಬಂದಿತ್ತು.

ಕುರ್ಚಿಗಳೆಲ್ಲ ತುಂಬಿದ್ದವು. ಹುಡುಗಿ ಸಣಕಲಿ. ಬೆರಳ ತುದಿಗೆ ಶಾಯಿ. ಅವನನ್ನು ನೋಡಿ ಎದ್ದು ನಿಂತು ಕೈಮುಗಿದಳು. ಅವನು ಮೈಕ್ ಹಿಡಿದ.

"ನನ್ನ ಕಾದಂಬರಿಯ ಗಂಡ ನೊಂದವನು. ಇವಳು ಬರೆದಿರೋದು ಪೊಲೀಸ್ ಠಾಣೆ ಗೋಡೆಗೆ ಅಂಟಿಸೋ ಮುಖ!"

ಸಭೆ ನಕ್ಕಿತು.

"ಅವನ ಮುಖ ಹೇಗಿತ್ತು ಅಂತ ನೀವು ಎಲ್ಲೂ ಬರೆದಿಲ್ಲ ಸರ್," ಎಂದಳು ಹುಡುಗಿ. "ಮುಖ ಇಲ್ಲದೆ ಕಾಮಿಕ್ಸ್ ಆಗಲ್ಲ. ಗೊತ್ತಿಲ್ಲದ ಕಡೆ ಊಹೆ ಮಾಡ್ಕೊಂಡೆ. ತಪ್ಪಿದ್ರೆ ತಿದ್ದಿ."

ತಿದ್ದಿ ಎಂದರೆ ಬಿಡುವವನೇ? ಒಂದೊಂದೇ ಪುಟ ತೆರೆದು ಜಾಡಿಸಿದ. ಕೊನೆಗೆ ತಾರಸಿಯ ಪುಟ ಸಿಕ್ಕಿತು. ಆಗಿನ್ನೂ ಮಳೆ ಬಂದಿಲ್ಲ, ಹೆಂಡತಿ ಹಗ್ಗದ ಮುಂದೆ ನಿಂತಿದ್ದಾಳೆ. ಹಗ್ಗದ ತುಂಬ ಹೂವು, ಬೆಟ್ಟ, ನವಿಲು. ಒಂದಕ್ಕಿಂತ ಒಂದು ಸೊಗಸು. ಆ ದೃಶ್ಯವನ್ನು ಅವನಷ್ಟು ಚೆನ್ನಾಗಿ ಬಲ್ಲವರು ಆ ಕೋಣೆಯಲ್ಲಿ ಯಾರೂ ಇರಲಿಲ್ಲ. ಅವನ ರಕ್ತ ಕುದಿಯಿತು.

"ಇದು ನೋಡಿ, ಇದು! ಈ ಹೆಂಡತಿ ಯಾರೋ ದೊಡ್ಡ ಕಲಾವಿದರಿಗೆ ಪಾಠ ಹೇಳ್ತಿದ್ಲು ಅನ್ನಬೇಕು. ಪಾತ್ರಾನೇ ಅರ್ಥ ಆಗಿಲ್ಲ ಇವಳಿಗೆ. ನನ್ನವಳು ತಲೆ ಮೇಲೆ ಹೊತ್ತು ಮೆರೆಸ್ತಿದ್ದದ್ದು ಎಂಥವನ್ನ ಗೊತ್ತಾ? ನೀಲಿ ಕುದುರೆ! ಅದಕ್ಕೆ ಮೂರೇ ಕಾಲು!"

ಸಭೆ ಮತ್ತೆ ಗೊಳ್ಳೆಂದಿತು. ಹುಡುಗಿ ನಗಲಿಲ್ಲ. ಅಳುವ ಲಕ್ಷಣವೂ ಕಾಣಲಿಲ್ಲ. ಅವನಿಗೆ ಇನ್ನಷ್ಟು ಉರಿಯಿತು.

"ಹಗ್ಗದಲ್ಲಿ ಎಲ್ಲಿತ್ತು ಸರ್, ಕುದುರೆ?" ಎಂದು ಮೆಲ್ಲಗೆ ಕೇಳಿದಳು.

"ತುದೀಲಿ. ಬಣ್ಣ ಇನ್ನೂ ಹಸಿ, ತೊಟ್ಟಿಕ್ತಾ ಇತ್ತು. ಅಂಥದ್ದಕ್ಕೂ ಎರಡೆರಡು ಕ್ಲಿಪ್ ಹಾಕಿದ್ಲು ಪುಣ್ಯಾತ್ಗಿತ್ತಿ! ಇದು ಪಾತ್ರ ಅಂದ್ರೆ. ಬರ್ಕೋ!"

ಚಪ್ಪಾಳೆ ಬಿತ್ತು. ಅವನು ಗೆದ್ದಿದ್ದ. ಮೈಕನ್ನು ಅವಳ ಮುಂದೆ ಕುಕ್ಕಿ, ಕಾಲ ಮೇಲೆ ಕಾಲು ಹಾಕಿ ಕೂತ. ಪ್ರಕಾಶಕ ಮಾತ್ರ ಏಕೋ ನಗು ನಿಲ್ಲಿಸಿ, ಕಾದಂಬರಿಯ ಬಿಳಿ ಹಾಳೆಗಳ ಪುಟವನ್ನು ಹುಡುಕುತ್ತಿದ್ದ.

ಹುಡುಗಿ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು.

"ಆ ಕುದುರೆ ಬರೆದಿದ್ದು ನಾನು ಸರ್. ನಾಲ್ಕನೇ ಕಾಲಿಗೆ ನೀಲಿ ಬಣ್ಣ ಸಾಲಲಿಲ್ಲ. ಅದನ್ನ ಟೀಚರ್ ಕೈಗೆ ಕೊಟ್ಟಿದ್ದು ಅವತ್ತೇ ಮಧ್ಯಾಹ್ನ, ಮಳೆ ಬರೋಕೆ ಸ್ವಲ್ಪ ಮುಂಚೆ."