ಕಿಂಡಿಯ ಮುಚ್ಚಳ

ಆ ಹೆಂಗಸು ಚೀಲದಿಂದ ಹಳೇ ಕಾರಿನ ಇಂಜಿನ್ನಿಗೆ ಗಾಳಿ ಬಿಡುವ ಥ್ರಾಟಲ್ ಬಾಡಿ ತೆಗೆದು ಮೆಕ್ಯಾನಿಕ್ ತಿಪ್ಪೇಶಿಯ ಮೇಜಿನ ಮೇಲಿಟ್ಟಳು.

"ನಮ್ಮೆಜಮಾನ್ರ ಗಾಡೀದು. ಹೋದ ವರ್ಷ ಇಂಜಿನ್ನು ಸಿಳ್ಳೆ ಹೊಡೀತದೆ ಅಂತ ದಾರೀಲಿ ಯಾವುದೋ ಗ್ಯಾರೇಜಿಗೆ ತೋರಿಸಿದರು. ಸದ್ದು ನಿಂತೋಯ್ತು ಅಂತ ಖುಷಿಯಾಗಿ ಫೋನ್ ಮಾಡಿದ್ರು. ಅವತ್ತೇ ಘಾಟಿ ಇಳೀವಾಗ ಗಾಡಿ ಉರುಳಿ ಹೋಗಿಬಿಟ್ರು. ನಿದ್ದೆ ಹತ್ತಿರಬೇಕು ಅಂದರು ಪೊಲೀಸ್ನೋರು."

ತಿಪ್ಪೇಶಿ ಅದನ್ನು ತಿರುಗಿಸಿ ನೋಡಿ ಹಲ್ಲು ಕಡಿದ. "ನಿದ್ದೆಯಲ್ಲಮ್ಮ. ಇದು ಬ್ರೇಕು ಹಗುರಾಗೋಕೆ ವ್ಯಾಕ್ಯೂಮ್ ಎಳೆತ ಕೊಡೋ ಕಿಂಡಿ. ಇದರ ಪೈಪು ಒಡೆದು ಸಿಳ್ಳೆ ಬಂದಿದೆ. ಯಾವನೋ ಅಯೋಗ್ಯ ಪೈಪನ್ನೇ ಕಿತ್ತು, ಕಿಂಡಿಗೆ ರಬ್ಬರ್ ಮುಚ್ಚಳ ಕಟ್ಟಿದ್ದಾನೆ. ಆಮೇಲೆ ಬ್ರೇಕು ಕಲ್ಲಾಗ್ತದೆ, ಎಷ್ಟು ತುಳಿದರೂ ಹಿಡಿಯಲ್ಲ."

ಹೇಳುತ್ತಲೇ ಬಟ್ಟೆಯಿಂದ ಮುಚ್ಚಳದ ಮಸಿ ಒರೆಸಿದ. ಕೆಂಪು ದಾರದ ಏಳು ಸುತ್ತು, ಮೇಲೊಂದು ಅಡ್ಡಗಂಟು. ತಾನೇ ನಿಲ್ಲಿಸಿದ್ದ ಸಿಳ್ಳೆ ಅವನ ಕಿವಿಯಲ್ಲಿ ಮತ್ತೆ ಶುರುವಾಯಿತು.

"ಯಾರ ಕೆಲಸ ಅಂತ ಗೊತ್ತಾಗ್ತದಾ?"

"ಇಲ್ಲಮ್ಮ."

"ಹನ್ನೊಂದು ಗ್ಯಾರೇಜು ತಿರುಗಿದೆ," ಅಂದಳು ಅವಳು, ಅವನ ಬೆನ್ನ ಹಿಂದಿನ ಮೊಳೆಯನ್ನೇ ನೋಡುತ್ತ. "ಕೆಂಪು ದಾರದ ಉಂಡೆ ನೇತಾಡ್ತಿರೋದು ಇಲ್ಲೊಂದು ಕಡೆ ಮಾತ್ರ."